ಕಾಣೆಯಾದ ಹದಿನೇಳನೆಯ ಪುಟ

ಹದಿನಾರನೆಯ ಪುಟ ಇತ್ತು. ಅದರ ಎದುರಿಗೆ, ಏನೂ ಆಗಿಯೇ ಇಲ್ಲವೆಂಬಂತೆ, ಹತ್ತೊಂಬತ್ತನೆಯ ಪುಟ ಕೂತಿತ್ತು.

ಗ್ರಂಥಪಾಲಕಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಹತ್ತೊಂಬತ್ತು ಹತ್ತೊಂಬತ್ತಾಗಿಯೇ ಉಳಿಯಿತು. ಪಕ್ಕದಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ ಅಧ್ಯಾಪಕನ ಮುಖ ಸುಣ್ಣ ಬಳಿದಂತಾಯಿತು.

"ಇಲ್ವಾ?"

"ಇಲ್ಲ."

"ನಲವತ್ತೆಂಟು ವರ್ಷ ಇದ್ದದ್ದು, ನಾನು ಫೋಟೋ ತೆಗೆಯೋಕೆ ಬಂದ ದಿನ ಇಲ್ವಾ?"

"ಗೋಂದಣ್ಣನ್ನ ಕರೀರಿ!" ಗ್ರಂಥಪಾಲಕಿ ಬಾಗಿಲ ಕಡೆ ಕೂಗಿದರು. "ಕೈ ಅಂಟಾಗಿದ್ರೂ ಪರವಾಗಿಲ್ಲ, ಹಾಗೇ ಬರಲಿ."

ಗೋಂದಣ್ಣ ಬಂದ. ಅವನ ನಿಜವಾದ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮೂವತ್ತೊಂದು ವರ್ಷದಿಂದ ಆ ಗ್ರಂಥಾಲಯದ ಪುಸ್ತಕಗಳಿಗೆ ಹೊಲಿಗೆ ಹಾಕಿ, ರಟ್ಟು ಕಟ್ಟಿ, ಗೋಂದು ಹಚ್ಚುವುದು ಅವನ ಕೆಲಸ. ನೆಲಮಾಳಿಗೆಯಲ್ಲಿ ಅವನ ಕೋಣೆ. ಅಲ್ಲಿನ ಒಂದೇ ಒಂದು ಕಿಟಕಿ ಬೀದಿಯ ಮಟ್ಟಕ್ಕಿತ್ತು. ಅದರಲ್ಲಿ ದಿನವಿಡೀ ಜನರ ಕಾಲುಗಳು ಮಾತ್ರ ಹಾದುಹೋಗುತ್ತಿದ್ದವು. ಬೆಳಗಿನ ಮಂಜಿನಲ್ಲಿ ಆ ಕಾಲುಗಳು ನೆಲ ತಾಕದೆ ತೇಲಿದಂತೆ ಕಾಣುತ್ತಿದ್ದವು. ಅವನು ಸೂಜಿ ಹಿಡಿದು ಅವನ್ನೇ ನೋಡುತ್ತ ಕೂರುತ್ತಿದ್ದ. ಬಡಿಸುವವನಿಗೆ ಹಸಿವಿಲ್ಲ ಎಂಬಂತೆ, ಸಾವಿರಾರು ಪುಸ್ತಕ ಕಟ್ಟಿದವನು ಓದಿದ್ದು ಬೆರಳೆಣಿಕೆಯಷ್ಟು. ಆದರೆ ಹಾಳೆಯ ಮೇಲೆ ಬೆರಳಾಡಿಸಿ ಅವನು ಹೇಳುವುದನ್ನು ಓದಿದವರೂ ಹೇಳಲಾರರು. ಭೂಪಟ ಕದಿಯುತ್ತಿದ್ದ ನಿವೃತ್ತ ಎಂಜಿನಿಯರನ್ನೂ ನಿಘಂಟಿನ ಹಾಳೆ ಕೀಳುತ್ತಿದ್ದ ವಕೀಲನನ್ನೂ ಹಿಡಿದುಕೊಟ್ಟವನು ಅವನೇ. ಹಾಗಾಗಿ ಪೊಲೀಸರಿಗಿಂತ ಮೊದಲು ಅವನನ್ನು ಕರೆಯುವುದು ಅಲ್ಲಿನ ವಾಡಿಕೆ.

ಅವನು ಕಣ್ಣು ಮುಚ್ಚಿ, ಎರಡು ಪುಟಗಳ ನಡುವಿನ ಸಂದಿಯಲ್ಲಿ ಬೆರಳಾಡಿಸಿದ.

"ಬ್ಲೇಡು. ಹೊಸದು. ಒಂದೇ ಎಳೆತ, ಕೈ ನಡುಗಿಲ್ಲ. ಆದ್ರೆ—" ಮುಂದಕ್ಕೆ ಹಾಳೆ ಮಗುಚಿ ಮೂವತ್ತೊಂದನೆಯ ಪುಟದ ಬುಡದಲ್ಲಿ ನಿಲ್ಲಿಸಿದ. "ಇದೇನಿದು?"

"ಏನು?"

"ಹಾಳೆಗೂ ಜೋಡಿ ಇರತ್ತೆ ಮೇಡಂ. ಒಂದನ್ನ ಬುಡಕ್ಕೆ ಕತ್ತರಿಸಿದ್ರೆ ಅದರ ಜೊತೆಯದು ಸಡಿಲ ಆಗಿ ಬೀಳತ್ತೆ. ಇದು ಬಿದ್ದಿಲ್ಲ. ಯಾರೋ ಪಟ್ಟಿ ಅಂಟಿಸಿದಾರೆ. ನಮ್ಮ ಪಟ್ಟಿ ಅಲ್ಲ ಇದು."

ಚರ್ಮದ ಬಣ್ಣದ, ಬಟ್ಟೆಯ ಕಿರು ಪಟ್ಟಿ. ನಾಲ್ಕು ಮೂಲೆಗಳನ್ನೂ ದುಂಡಗೆ ಕತ್ತರಿಸಲಾಗಿತ್ತು. ಅಷ್ಟು ಚಿಕ್ಕ ಪಟ್ಟಿಗೆ ಅಷ್ಟು ನಯನಾಜೂಕು!

"ವಿಚಿತ್ರ ಕಳ್ಳ," ಎಂದ ಗೋಂದಣ್ಣ. "ಕದ್ದ ಮೇಲೆ ಉಳಿದದ್ದಕ್ಕೆ ನೋವಾಗದ ಹಾಗೆ ನೋಡಿಕೊಂಡಿದಾನೆ. ಇಷ್ಟಕ್ಕೂ ಆ ಪುಟದಲ್ಲಿ ಇದ್ದದ್ದೇನು?"

"ಪದ್ಯ," ಎಂದ ಅಧ್ಯಾಪಕ, ಸಾವಿನ ಸುದ್ದಿ ಹೇಳುವ ದನಿಯಲ್ಲಿ. "ಕವಯಿತ್ರಿಯವರ ಮೊದಲನೇ ಪದ್ಯ."

ಆ ಊರಿನಲ್ಲಿ ಕವಯಿತ್ರಿ ಎಂದರೆ ಒಬ್ಬರೇ. ಎಂಟು ಕವನ ಸಂಕಲನ, ಮೂರು ಕಾದಂಬರಿ. ಈ ವರ್ಷ ದೇಶದ ಅತಿ ದೊಡ್ಡ ಸಾಹಿತ್ಯ ಪ್ರಶಸ್ತಿ ಅವರಿಗೆ ಬಂದಿತ್ತು. ಅಧ್ಯಾಪಕ ನಾಲ್ಕು ವರ್ಷದಿಂದ ಅವರ ಜೀವನಚರಿತ್ರೆ ಬರೆಯುತ್ತಿದ್ದ. ಅವನು ಹೇಳಿದ್ದು ಇಷ್ಟು: ಕವಯಿತ್ರಿಗೆ ಎಂಟು ವರ್ಷವಾಗಿದ್ದಾಗ ಅಪ್ಪ ದೂರದ ಸೇತುವೆ ಕಟ್ಟುವ ಕೆಲಸಕ್ಕೆ ಹೋದ. ಮರಳಲಿಲ್ಲ. ಎರಡು ವರ್ಷಕ್ಕೆ ತಾಯಿ ತೀರಿಕೊಂಡಳು. ತಾಯಿಯ ತಂಗಿ ಮಗುವನ್ನು ಕರೆದುಕೊಂಡು ಈ ಊರಿಗೆ ಬಂದು ಸಾಕಿದಳು. ಹದಿನಾರಕ್ಕೆ ಹುಡುಗಿ 'ಅಪ್ಪನಿಗೆ' ಎಂಬ ಪದ್ಯ ಬರೆದು ವಾರಪತ್ರಿಕೆಗೆ ಕಳಿಸಿದಳು. ಆಮೇಲೆ ಶಾಲೆಯಲ್ಲಿ ಹನ್ನೆರಡು ವರ್ಷ ಪಾಠ ಹೇಳಿದಳು, ಮೊದಲ ಸಂಕಲನ 'ಚಿಲಕವಿಲ್ಲದ ಬಾಗಿಲು' ಬಂತು, 'ಅರ್ಧ ಸೇತುವೆ' ಎಂಬ ಕಾದಂಬರಿ ಹದಿನಾಲ್ಕು ಭಾಷೆಗೆ ಹೋಯಿತು. ಎಲ್ಲದರ ಬೇರೂ ಒಂದೇ: ಬಾರದ ಅಪ್ಪ.

"ಇಡೀ ಪುಟದ ಚಿತ್ರವನ್ನ ಪುಸ್ತಕದ ಮೊದಲಿಗೇ ಹಾಕೋಣ ಅಂತಿದ್ದೆ," ಎಂದ ಅಧ್ಯಾಪಕ. "ಪರವಾಗಿಲ್ಲ. ಕಾಲೇಜಿನಲ್ಲಿ ಇನ್ನೊಂದು ಸಂಪುಟ ಇದೆ."

ಗ್ರಂಥಪಾಲಕಿ ಕಾಲೇಜಿಗೆ ಫೋನ್ ಮಾಡಿದರು. ಹತ್ತು ನಿಮಿಷ ಕಾದರು. ಫೋನ್ ಕೆಳಗಿಟ್ಟಾಗ ಅವರ ಹುಬ್ಬು ಗಂಟಾಗಿತ್ತು.

"ಅಲ್ಲೂ ಇಲ್ಲ. ಅದೇ ಹಾಳೆ. ಅಲ್ಲೂ ಬುಡಕ್ಕೆ ಪಟ್ಟಿ."

ಆ ವಾರಪತ್ರಿಕೆ ನಿಂತು ಮೂವತ್ತು ವರ್ಷವಾಗಿತ್ತು. ಸಂಪುಟಗಳಿದ್ದದ್ದು ಆ ಎರಡೇ ಕಡೆ.

"ಇದನ್ನ ಇಲ್ಲಿಗೇ ಬಿಡಲ್ಲ ನಾನು," ಎಂದರು ಗ್ರಂಥಪಾಲಕಿ. "ಮೂರು ದಿನ ಟೈಮ್, ಗೋಂದಣ್ಣ. ಆಮೇಲೆ ಪೊಲೀಸ್ ದೂರು. ಯಾರೇ ಆಗಿರಲಿ, ಪ್ರಶಸ್ತಿ ಬಂದವರಾದ್ರೂ ಸರಿ."

ಕೊನೆಯ ಮಾತಿಗೆ ಕಾರಣವಿತ್ತು. ಹಳೆಯ ಸಂಪುಟ ಕೇಳಿದವರು ಪುಸ್ತಕದಲ್ಲಿ ಸಹಿ ಮಾಡಬೇಕು. ಆ ತಿಂಗಳು ಆ ಸಂಪುಟದ ಎದುರಿಗೆ ಇದ್ದದ್ದು ಎರಡೇ ಸಹಿ. ಒಂದು, ವಿಮರ್ಶಕರಾದ ಕತ್ತರಿ ಮೇಷ್ಟ್ರದು. ಇನ್ನೊಂದು, ಎರಡು ದಿನ ಬಿಟ್ಟು—ಕವಯಿತ್ರಿಯ ಕಾವ್ಯನಾಮ!

*

ಕತ್ತರಿ ಮೇಷ್ಟ್ರಿಗೆ ಆ ಹೆಸರು ಬಂದದ್ದು ಕಂಡವರ ಪುಸ್ತಕವನ್ನೆಲ್ಲ ಕತ್ತರಿಸಿ ಹಾಕುವ ಬರವಣಿಗೆಯಿಂದ. ವಾಚನಾಲಯದ ಗಡಿಯಾರದ ಕೆಳಗೆ ಅವರ ಖಾಯಂ ಕುರ್ಚಿ. ಗೋಂದಣ್ಣ ಎದುರಿಗೆ ಕೂತ.

"ನನ್ನ ಹೆಸರು ಕೇಳಿ ಬಂದೆಯಾ? ಕತ್ತರಿಸಿದವನು ಕತ್ತರಿಯೇ ಇರಬೇಕು ಅಂತ?"

"ಇಲ್ಲ ಸಾರ್. ಸಹಿ ನೋಡಿ ಬಂದೆ."

"ಹೌದು, ತೆಗೆಸಿ ನೋಡಿದೆ. ಆಕೆಗೆ ಪ್ರಶಸ್ತಿ ಬಂದ ಮೇಲೆ ಊರೆಲ್ಲ ಹೊಗಳಿದ್ದೂ ಹೊಗಳಿದ್ದೇ. ಮೊದಲ ಪದ್ಯದಲ್ಲಿ ನಾಲ್ಕು ತಪ್ಪಾದ್ರೂ ಸಿಗತ್ತೇನೋ ಅಂತ ಹೋದೆ."

"ಸಿಕ್ತಾ?"

ಮೇಷ್ಟ್ರು ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. ಎತ್ತರದ ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಧೂಳಿನ ಕಣಗಳು ನಿಧಾನಕ್ಕೆ ಈಜಾಡುತ್ತಿದ್ದವು.

"'ಅಪ್ಪಾ, ನೀನು ಬರುವ ಸದ್ದಿಗೆ ಬೀದಿಯ ಕಲ್ಲುಗಳೂ ಕಿವಿಯಾಗಿವೆ.' ಹದಿನಾರು ವರ್ಷದ ಹುಡುಗಿ! ತಪ್ಪು ಸಿಗಲಿಲ್ಲ, ಹಾಳಾದ್ದು. ಮೂರು ಸಲ ಓದಿದೆ. ಇದನ್ನ ಯಾರಿಗಾದ್ರೂ ಹೇಳಿದ್ರೆ ನಿನ್ನ ರಟ್ಟಿನ ಕೆಲಸದ ಮೇಲೂ ವಿಮರ್ಶೆ ಬರೀತೀನಿ."

"ಹಾಳೆ ಆಗ ಇತ್ತು ಅನ್ನಿ."

"ಇತ್ತಪ್ಪಾ. ಮಾರನೇ ದಿನ ಆಕೆಯ ಮನೆಗೆ ಟೀಗೆ ಹೋಗಿದ್ದಾಗ ಹೇಳಿದೆ ಕೂಡ. ಆ ಅಧ್ಯಾಪಕನೂ ಇದ್ದ. ಇಡೀ ಪುಟ ಅಚ್ಚು ಹಾಕಿಸ್ತೀನಿ ಅಂತ ಕುಣೀತಿದ್ದ."

"ಇನ್ಯಾರಿದ್ರು?"

"ನಾನು, ಅವನು, ಆಕೆ. ಟೀ ತಂದುಕೊಟ್ಟ ಚಿಕ್ಕಮ್ಮ. ಅಷ್ಟೇ."

ಟೀ ಕುಡಿದ ಮಾರನೆಯ ದಿನವೇ ಕವಯಿತ್ರಿಯ ಹೆಸರಿನ ಸಹಿ ಬಿದ್ದಿತ್ತು.

*

ಕವಯಿತ್ರಿಯ ಮನೆ ಏರುಬೀದಿಯ ಕೊನೆಯಲ್ಲಿತ್ತು. ಮುಂಬಾಗಿಲು ತೆರೆದೇ ಇತ್ತು. ಅದು ಯಾವಾಗಲೂ ತೆರೆದೇ ಇರುತ್ತದೆಂದು ಊರಿಗೆಲ್ಲ ಗೊತ್ತು. ಅದರ ಮೇಲೆ ವಿದ್ಯಾರ್ಥಿಗಳು ಪ್ರಬಂಧ ಬರೆದಿದ್ದರು.

ಅರವತ್ತನಾಲ್ಕರ ಕವಯಿತ್ರಿ ತೆಳ್ಳಗೆ, ಎತ್ತರಕ್ಕೆ, ಅರ್ಧ ನಿದ್ದೆಯಲ್ಲಿರುವವರಂತೆ ಮಾತಾಡುತ್ತಿದ್ದರು. ಎಡಹುಬ್ಬಿನ ಮೇಲೆ ಎಂದೋ ಬಿದ್ದು ಮಾಡಿಕೊಂಡ ಗಾಯದ ಬಿಳಿ ಗೆರೆ.

"ನಾನು ಗ್ರಂಥಾಲಯಕ್ಕೆ ಬಂದು ವರ್ಷದ ಮೇಲಾಯ್ತು," ಎಂದರು. "ಸಹಿ ನನ್ನದಲ್ಲ."

"ಮೊದಲ ಪದ್ಯ ನಿಮಗೆ ಇಷ್ಟ ಇಲ್ಲ ಅಂತ ಸಂದರ್ಶನದಲ್ಲಿ ಹೇಳಿದೀರಂತೆ. ಸುಟ್ಟುಬಿಡಬೇಕು ಅಂತ."

"ಎಲ್ಲಾ ಪದ್ಯಕ್ಕೂ ಹಾಗೇ ಹೇಳ್ತೀನಿ. ಇಷ್ಟ ಇಲ್ಲದಿದ್ರೆ ಅಲ್ಲಿ ಯಾಕೆ ಇಟ್ಟುಕೊಳ್ಳಲಿ?"

ಕೈ ತೋರಿಸಿದ ಕಡೆ ಗೋಡೆಯ ಮೇಲೊಂದು ಗಾಜಿನ ಚೌಕಟ್ಟು. ಅದರೊಳಗೆ ರಟ್ಟಿಗೆ ಅಂಟಿಸಿದ, ಹಳದಿಯಾದ ಪತ್ರಿಕೆಯ ತುಣುಕು: 'ಅಪ್ಪನಿಗೆ'. ಕೆಳಗೆ ಕಾವ್ಯನಾಮ.

"ಪತ್ರಿಕೆ ಬಂದ ವಾರ ನಾನು ವಿಷಮಶೀತ ಜ್ವರದಲ್ಲಿ ಆಸ್ಪತ್ರೆಯಲ್ಲಿದ್ದೆ. ಚಿಕ್ಕಮ್ಮ ಹಾಸಿಗೆ ಪಕ್ಕ ಕೂತು ಓದಿ ಹೇಳಿದಳು. ಯಾರದೋ ಪದ್ಯ, ಚೆನ್ನಾಗಿದೆಯಲ್ಲ ಅಂದುಕೊಂಡೆ. ಮನೆಗೆ ಬರೋ ಹೊತ್ತಿಗೆ ಅದು ಗೋಡೆ ಮೇಲಿತ್ತು. ಜ್ವರದಲ್ಲಿ ಕಂಡ ಕನಸು ಎದ್ದ ಮೇಲೂ ಹೋಗದೆ ಉಳಿದ ಹಾಗೆ."

ಗೋಂದಣ್ಣ ಹತ್ತಿರ ಹೋದ. ವೃತ್ತಿಯ ಚಾಳಿ, ಅಂಟಿಸಿದ್ದೆಂದರೆ ಮುಟ್ಟಿ ನೋಡಲೇಬೇಕು. ಚೌಕಟ್ಟನ್ನು ಮೊಳೆಯಿಂದ ಇಳಿಸಿದ್ದೇ ತಡ, ಒಳಬಾಗಿಲಿಂದ ದನಿ ಬಂತು.

"ಅದನ್ನ ಮುಟ್ಟಬೇಡಿ!"

ಬೆಚ್ಚಿದ ಅವನ ಹೆಬ್ಬೆರಳಿಗೆ ಗಾಜಿನ ಅಂಚು ತಾಗಿ ರಕ್ತ ಚಿಮ್ಮಿತು.

ಚಿಕ್ಕಮ್ಮನಿಗೆ ಎಪ್ಪತ್ತೊಂಬತ್ತು. ಗಿಡ್ಡ ದೇಹ, ನೆಟ್ಟಗಿನ ಬೆನ್ನು. ಮೊದಲು ಚೌಕಟ್ಟನ್ನು ಕಸಿದು ಗೋಡೆಗೆ ತೂಗುಹಾಕಿದರು. ಆಮೇಲೆ ಅವನ ಕೈ ನೋಡಿ ನಾಚಿಕೊಂಡರು.

"ಅಯ್ಯೋ, ಕೂತ್ಕೊಳ್ಳಿ. ಹಳೇ ಮೈದಾ ಗೋಂದು ಅದು, ಅಲ್ಲಾಡಿಸಿದ್ರೆ ಉದುರತ್ತೆ ಅಂತ ಕೂಗಿದೆ. ಕೈ ಕೊಡಿ."

ತಗಡಿನ ಡಬ್ಬಿ ಬಂತು. ಗಾಯ ತೊಳೆದು, ಒತ್ತಿ, ಒಂದು ತುಂಡು ಪಟ್ಟಿ ಸುತ್ತಿದರು. ಮಾತು ಮಾತ್ರ ನಿಲ್ಲಲಿಲ್ಲ. ಪುಟ್ಟಿ ಊಟ ಮಾಡುವುದಿಲ್ಲ, ಪುಟ್ಟಿ ಕಾಗದಗಳಿಗೆ ಉತ್ತರ ಬರೆಯುವುದಿಲ್ಲ, ಅಭಿಮಾನಿಗಳ ಕಾಗದಕ್ಕೆಲ್ಲ ತಾನೇ ಉತ್ತರಿಸಬೇಕು. ಅರವತ್ತನಾಲ್ಕು ವರ್ಷದ ಪುಟ್ಟಿ ಕಿಟಕಿಯಾಚೆ ನೋಡುತ್ತ ನಕ್ಕರು.

"ಇಷ್ಟು ಪುಸ್ತಕ ಕಟ್ಟಿದೀರಿ," ಎಂದರು ಕವಯಿತ್ರಿ, ಅವನು ಹೊರಡುವಾಗ. "ನನ್ನದು ಯಾವುದಾದ್ರೂ ಓದಿದೀರಾ?"

"ಇಲ್ಲ ಅಮ್ಮಾ," ಎಂದ ಗೋಂದಣ್ಣ, ಮುಖ ಸಪ್ಪಗೆ ಮಾಡಿಕೊಂಡು.

*

ಮಾರನೆಯ ದಿನ ಭಾನುವಾರ. ಅವನು 'ಅರ್ಧ ಸೇತುವೆ' ಹಿಡಿದು ನದಿಯ ದಂಡೆಯ ಬೆಂಚಿನ ಮೇಲೆ ಕೂತ. ಹೊಲಿಗೆ ಅವನದೇ, ಹಾಗಾಗಿ ಪುಸ್ತಕ ಕೈಯಲ್ಲಿ ಸಲೀಸಾಗಿ ತೆರೆದುಕೊಂಡಿತು. ಕಥೆಯಲ್ಲಿ ಒಬ್ಬ ಹುಡುಗಿ ದಿನಾ ನದಿಗೆ ಬರುತ್ತಾಳೆ. ಎದುರಿನ ದಡದಿಂದ ಸೇತುವೆ ಕಟ್ಟುತ್ತ ಅಪ್ಪ ಬರುತ್ತಿದ್ದಾನೆ. ದಿನಕ್ಕೊಂದು ಕಮಾನು. ನಡುನೀರಿಗೆ ಬಂದಾಗ ಮಂಜು ಕವಿಯುತ್ತದೆ. ಸುತ್ತಿಗೆಯ ಸದ್ದು ಮಾತ್ರ ಕೇಳುತ್ತದೆ. ಹುಡುಗಿ ಬೆಳೆಯುತ್ತಾಳೆ, ಮುದುಕಿಯಾಗುತ್ತಾಳೆ. ಸದ್ದು ನಿಲ್ಲುವುದಿಲ್ಲ, ಹತ್ತಿರವೂ ಬರುವುದಿಲ್ಲ.

ಓದುತ್ತ ಓದುತ್ತ ಅವನಿಗೆ ಮಂಪರು ಹತ್ತಿತು. ನೀರಿನ ಮೇಲೆ ಯಾರೋ ಸುತ್ತಿಗೆ ಬಡಿದಂತೆ. ಅವನ ಸ್ವಂತ ಅಪ್ಪ, ತೀರಿಹೋಗಿ ಇಪ್ಪತ್ತು ವರ್ಷವಾದವನು, ಪಕ್ಕದಲ್ಲೇ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಂತೆ. ಕಣ್ಣು ಬಿಟ್ಟಾಗ ಬಿಸಿಲು ಇಳಿದಿತ್ತು, ಕೆನ್ನೆ ಒದ್ದೆಯಾಗಿತ್ತು. ಇಂಥದ್ದನ್ನು ಬರೆದವರ ಮೊದಲ ಪದ್ಯವನ್ನು ಯಾರು, ಯಾಕೆ ಅಳಿಸಬೇಕು? ಅಳಿಸಿಯಾದರೂ ಲಾಭವೇನು? ಪದ್ಯ ಮೊದಲ ಸಂಕಲನದಲ್ಲಿದೆ, ಶಾಲೆಯ ಪಠ್ಯದಲ್ಲಿದೆ, ಅವರ ಮನೆಯ ಗೋಡೆಯ ಮೇಲಿದೆ. ಎರಡು ಹಾಳೆ ಕತ್ತರಿಸಿದ ಮಾತ್ರಕ್ಕೆ ಅದು ಸಾಯುತ್ತದೆಯೆ?

ಸೋಮವಾರ ಕಾಲೇಜಿಗೆ ಹೋಗಿ ಅಲ್ಲಿನ ಸಂಪುಟ ನೋಡಿದ. ಅದೇ ಬ್ಲೇಡು, ಅದೇ ಪಟ್ಟಿ, ಅದೇ ದುಂಡು ಮೂಲೆ. ಅಲ್ಲಿನ ಮುದಿ ಗುಮಾಸ್ತ ಗೊಣಗುತ್ತಲೇ ಇದ್ದ.

"ಏನು ಕಾಲ ಬಂತಪ್ಪಾ! ಹಿಂದುಮುಂದು ನೋಡದೆ ಕತ್ತರಿಸಿಕೊಂಡು ಹೋಗಿದಾರೆ."

ಗೋಂದಣ್ಣ ತಲೆಯೆತ್ತಿದ. "ಏನಂದ್ರಿ?"

"ಹಿಂದುಮುಂದು ನೋಡದೆ ಅಂದೆ."

"ಅಲ್ಲ. ಮುಂದು ನೋಡಿದ್ದು ನಾವು," ಎಂದ ಗೋಂದಣ್ಣ ತನ್ನಷ್ಟಕ್ಕೇ. "ಹಿಂದು ನೋಡಿದ್ದು ಅವರು."

ಅಲ್ಲಿಂದಲೇ ಕತ್ತರಿ ಮೇಷ್ಟ್ರಿಗೆ ಫೋನ್ ಮಾಡಿದ. "ಸಾರ್, ಮೂರು ಸಲ ಓದಿದೆ ಅಂದ್ರಲ್ಲ, ಹಾಳೆ ತಿರುಗಿಸಿದ್ರಾ? ಹದಿನೆಂಟನೇ ಪುಟದಲ್ಲಿ ಏನಿತ್ತು?"

"ನನ್ನ ಎದುರಾಳಿ ಈ ಮುಖದಲ್ಲಿರುವಾಗ ಆ ಮುಖ ಯಾಕೆ ನೋಡಲಿ? ಜಾಹೀರಾತು ಗೀಹೀರಾತು ಇದ್ದಿರಬೇಕು. ಯಾಕೆ?"

ಗೋಂದಣ್ಣ ತನ್ನ ಹೆಬ್ಬೆರಳನ್ನೇ ದಿಟ್ಟಿಸುತ್ತಿದ್ದ. ಎರಡು ದಿನವಾಗಿತ್ತು. ನೀರು, ಗೋಂದು, ರಟ್ಟು ಎಲ್ಲ ತಾಗಿದರೂ ಚಿಕ್ಕಮ್ಮ ಸುತ್ತಿದ ಪಟ್ಟಿ ಒಂದಿಷ್ಟೂ ಎದ್ದಿರಲಿಲ್ಲ. ಅದರ ಮೂಲೆಗಳು ದುಂಡಗಿದ್ದವು.

*

ಮಂಗಳವಾರ ಬೆಳಿಗ್ಗೆ ಕವಯಿತ್ರಿಯ ಮನೆಯ ಮುಂಗೋಣೆಯಲ್ಲಿ ಐವರು ಕೂತಿದ್ದರು: ಕವಯಿತ್ರಿ, ಚಿಕ್ಕಮ್ಮ, ಗ್ರಂಥಪಾಲಕಿ, ಅಧ್ಯಾಪಕ, ಗೋಂದಣ್ಣ. ಮೇಜಿನ ಮೇಲೆ ಗೋಂದಣ್ಣ ತಂದಿಟ್ಟ ಬಿಸಿನೀರಿನ ಬಟ್ಟಲು, ಮೆದು ಕುಂಚ. ಅದನ್ನು ನೋಡಿದಾಗಿನಿಂದ ಚಿಕ್ಕಮ್ಮ ಮಾತಾಡಿರಲಿಲ್ಲ.

"ಓದುವವರಿಗೆ ಪುಟ ಕಾಣತ್ತೆ," ಎಂದು ಗೋಂದಣ್ಣ ಮೆಲ್ಲಗೆ ಶುರುಮಾಡಿದ. "ಹೊಲಿಯುವವನಿಗೆ ಹಾಳೆ ಕಾಣತ್ತೆ. ಪುಟಕ್ಕೆ ಒಂದು ಮುಖ, ಹಾಳೆಗೆ ಎರಡು. ನಾನೂ ಮೊದಲ ದಿನ ಅದನ್ನ ಮರೆತೆ. ಎಲ್ಲರೂ ಪದ್ಯ ಪದ್ಯ ಅಂದ್ರು, ನಾನೂ ಪದ್ಯದ ಶತ್ರುವನ್ನ ಹುಡುಕಿದೆ. ಪದ್ಯಕ್ಕೆ ಶತ್ರುಗಳೇ ಇರಲಿಲ್ಲ. ಇದ್ದ ಒಬ್ಬರೂ ಮೂರು ಸಲ ಓದಿ ಸೋತಿದ್ರು."

"ಹಾಗಾದ್ರೆ?" ಅಧ್ಯಾಪಕ ಮುಂದಕ್ಕೆ ಬಾಗಿದ.

"ಕದ್ದದ್ದು ಹದಿನೇಳನೇ ಪುಟ ಅಲ್ಲ. ಹದಿನೆಂಟನೇದು. ನೀವು ಇಡೀ ಹಾಳೆಯ ಚಿತ್ರ ತೆಗೀತೀನಿ ಅಂತ ಟೀ ಕುಡೀತಾ ಹೇಳಿದ್ರಿ. ಮಾರನೇ ದಿನವೇ ಹಾಳೆ ಹೋಯ್ತು. ಆ ಬೆನ್ನ ಮೇಲೆ ಏನಿದೆ ಅಂತ ಗೊತ್ತಿದ್ದವರು, ನೀವು ಹಾಳೆ ತಿರುಗಿಸ್ತೀರಿ ಅಂತ ಹೆದರಿದವರು, ಆ ಟೀ ಹೊತ್ತಿನಲ್ಲಿ ಇಲ್ಲೇ ಇದ್ರು."

"ಸಹಿ?" ಎಂದರು ಗ್ರಂಥಪಾಲಕಿ.

"ಅಮ್ಮನ ಕಾಗದಗಳಿಗೆ ಸಹಿ ಹಾಕಿ ಹಾಕಿ ಪಳಗಿದ ಕೈ. ಕಣ್ಣು ಮಂಜಾದ ನಮ್ಮ ಜವಾನನಿಗೆ ವಯಸ್ಸಾದ ಹೆಂಗಸು ಬಂದ್ರು ಅಂತಷ್ಟೇ ನೆನಪು. ಇನ್ನು ಪಟ್ಟಿ. ನಾವು ಮೂಲೆ ಚೌಕ ಬಿಡ್ತೀವಿ. ದುಂಡಗೆ ಕತ್ತರಿಸಿದ್ರೆ ಉಡುಪಿಗೋ ಹಾಸಿಗೆಗೋ ಸಿಕ್ಕಿ ಏಳೋದಿಲ್ಲ ಅಂತ ಕಲಿಸೋದು ಒಂದೇ ಕಡೆ—ಆಸ್ಪತ್ರೆಯಲ್ಲಿ. ನಿನ್ನೆ ಸಂಜೆ ನಮ್ಮ ಬೀದಿಯ ಮುದಿ ನರ್ಸನ್ನ ಕೇಳಿ ಬಂದೆ. ಯಾರ ಕೈಕೆಳಗೆ ಕಲಿತಿರಿ ಅಂದೆ." ಅವನು ಚಿಕ್ಕಮ್ಮನ ಕಡೆ ತಿರುಗಿದ. "ನಿಮ್ಮ ಹೆಸರೇ ಹೇಳಿದ್ರು ತಾಯಿ. ಮೂವತ್ತೈದು ವರ್ಷ ಆ ವಾರ್ಡಿನ ಹಿರಿಯ ದಾದಿ ನೀವಂತೆ."

ಕವಯಿತ್ರಿ ಕಿಟಕಿಯಿಂದ ಮುಖ ತಿರುಗಿಸಿದರು. "ಚಿಕ್ಕಮ್ಮಾ?"

ಚಿಕ್ಕಮ್ಮ ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಿದ್ದರು.

"ಉಳಿದಿರೋದು ಈ ಚೌಕಟ್ಟಿನ ತುಣುಕು ಒಂದೇ," ಎಂದ ಗೋಂದಣ್ಣ. "ಮೈದಾ ಗೋಂದು ಬಿಸಿನೀರಿಗೆ ಬಿಟ್ಟುಕೊಡತ್ತೆ. ಅಮ್ಮ ಒಪ್ಪಿದ್ರೆ—"

"ಬೇಡ." ಚಿಕ್ಕಮ್ಮ ಬಟ್ಟಲನ್ನು ಆಚೆ ಸರಿಸಿದರು. "ನೀರು ಹಚ್ಚಬೇಡಿ, ಪದ್ಯ ಹಾಳಾಗತ್ತೆ. ಅದರ ಹಿಂದೆ ಇರೋದು ನನಗೆ ಬಾಯಿಪಾಠ."

ಅವರು ಕಣ್ಣು ಮುಚ್ಚಿ, ಮಗ್ಗಿ ಒಪ್ಪಿಸುವವರಂತೆ ಹೇಳತೊಡಗಿದರು.

"'ಕಾಣೆಯಾದ ಮಗಳು. ವಯಸ್ಸು ಹದಿನಾರು. ಮನೆಯಲ್ಲಿ ಪುಟ್ಟಿ ಎಂದು ಕರೆಯುತ್ತಿದ್ದೆವು. ಎಡಹುಬ್ಬಿನ ಮೇಲೆ ಗಾಯದ ಗುರುತು. ನಾನು ಸೇತುವೆಯ ಕೆಲಸದಲ್ಲಿ ಬಿದ್ದು, ಬಹುಕಾಲ ಎಚ್ಚರವಿಲ್ಲದೆ ಮಲಗಿದ್ದೆ. ಮರಳಿ ಬಂದಾಗ ನಮ್ಮ ಮನೆಯಲ್ಲಿ ಬೇರೆಯವರಿದ್ದರು. ಬಲ್ಲವರು ಕೆಳಗಿನ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಮಗಳೇ, ನೀನೇ ಇದನ್ನು ಓದಿದರೆ—ಅಪ್ಪ ಬದುಕಿದ್ದಾನೆ.'"

ಬಟ್ಟಲಿನ ನೀರಿನಿಂದ ಹಬೆ ಏಳುತ್ತಿತ್ತು.

"ನಿನ್ನ ಪದ್ಯ ಬಂದಿದೆ ಅಂತ ಪತ್ರಿಕೆ ಕೊಂಡು ಬಸ್ಸಿನಲ್ಲೇ ಬಿಡಿಸಿದೆ. ಓದಿ ಅತ್ತೆ. ಹಾಳೆ ತಿರುಗಿಸಿದೆ," ಎಂದರು ಚಿಕ್ಕಮ್ಮ. "ಆಮೇಲೆ ಬಸ್ಸು ಎಲ್ಲಿಗೆ ಹೋಯ್ತೋ ಗೊತ್ತಿಲ್ಲ. ಕೊನೇ ನಿಲ್ದಾಣದಲ್ಲಿ ಇಳಿಸಿದ್ರು."

"ನನಗೆ ಯಾಕೆ ಹೇಳಲಿಲ್ಲ?"

"ಎರಡು ವರ್ಷ ಅವನಿಂದ ಒಂದು ಕಾಗದ ಇಲ್ಲ. ನನ್ನಕ್ಕ ಅವನ ಹೆಸರು ಕನವರಿಸ್ತಾ ಕನವರಿಸ್ತಾ ಹೋದಳು. ಆ ಸಿಟ್ಟು ಅಂತ ನನಗೆ ನಾನೇ ಹೇಳ್ಕೊಂಡೆ. ಸುಳ್ಳು. ನನಗೆ ಮೂವತ್ತೊಂದು. ಮದುವೆ ಬೇಡ ಅಂದವಳು, ನೀನೊಬ್ಬಳೇ ಇದ್ದೆ. ನಿನಗೆ ನೂರಮೂರು ಜ್ವರ, 'ಅಪ್ಪ ಬಂದ್ನಾ?' ಅಂತ ಕೇಳ್ತಿದ್ದೆ. ಬಂದಿದಾನೆ ಅಂದ್ರೆ ಎದ್ದು ಹೋಗ್ತೀಯ ಅನ್ನಿಸ್ತು. ಅವತ್ತೇ ಮೈದಾ ಕಲಸಿ ಅಂಟಿಸಿಬಿಟ್ಟೆ."

"ಆಮೇಲೆ?"

"ವರ್ಷ ಕಳೆದ ಮೇಲೆ ತಡೀಲಾರದೆ ಆ ವಿಳಾಸಕ್ಕೆ ಬರೆದೆ. ವಿಳಾಸದಾರರಿಲ್ಲ ಅಂತ ಮುದ್ರೆ ಬಿದ್ದು ವಾಪಸ್ ಬಂತು. ಇನ್ನೇನು ಹೇಳಲಿ? ಅಷ್ಟರಲ್ಲಿ ನೀನು ಎರಡನೇ ಪದ್ಯ ಬರೆದಿದ್ದೆ, ಮೂರನೇದು ಬರೆದಿದ್ದೆ. ಎಲ್ಲಾ ಅವನಿಗೇ. ಒಂದೊಂದು ಪುಸ್ತಕ ಬಂದಾಗಲೂ ಬಾಯಿಗೆ ಇನ್ನೊಂದು ಬೀಗ."

ಅವರು ಎದ್ದು, ತಗಡಿನ ಡಬ್ಬಿ ತಂದು ಮುಚ್ಚಳ ತೆಗೆದರು. ಪಟ್ಟಿಯ ಸುರುಳಿಗಳ ಕೆಳಗೆ ಎರಡು ಹಾಳೆ, ಮುದ್ರೆ ಬಿದ್ದ ಒಂದು ಲಕೋಟೆ.

"ಸುಡೋಣ ಅಂದುಕೊಂಡೆ. ಕೈ ಬರಲಿಲ್ಲ."

ಕವಯಿತ್ರಿ ಒಂದು ಹಾಳೆ ಕೈಗೆತ್ತಿಕೊಂಡರು. ಈ ಕಡೆ ನೋಡಿದರು. ತಿರುಗಿಸಿ ಆ ಕಡೆ ನೋಡಿದರು. ಮತ್ತೆ ತಿರುಗಿಸಿದರು. ಮಗಳು ಅಪ್ಪನನ್ನು ಕೂಗಿದ್ದು ಒಂದು ಮುಖದಲ್ಲಿ. ಅಪ್ಪ ಮಗಳನ್ನು ಕೂಗಿದ್ದು ಇನ್ನೊಂದರಲ್ಲಿ. ನಡುವೆ ಬೆರಳಿಗೆ ಸಿಗದಷ್ಟು ತೆಳುವಾದ ಕಾಗದ. ಆಮೇಲೆ ಗೋಂದಣ್ಣನನ್ನು ಕೇಳಿದರು.

"ಪ್ರಕಟಣೆ ಬಂತಾ ಅಂತ ನೋಡೋಕೆ ಅಪ್ಪನೂ ಈ ಪತ್ರಿಕೆ ಕೊಂಡಿರ್ತಾನೆ, ಅಲ್ವಾ?"

"ಕೊಂಡೇ ಕೊಂಡಿರ್ತಾರೆ ಅಮ್ಮಾ."

"ಹಾಳೆ ತಿರುಗಿಸಿರ್ತಾನಾ?"

ಗೋಂದಣ್ಣ ಯೋಚಿಸಿದ. "ತನ್ನ ಮಾತು ಅಚ್ಚಾದ ಹಾಳೆ. ಮಡಿಸೋದಕ್ಕೆ ಮುಂಚೆ ಒಂದು ಸಲ ಆದ್ರೂ ತಿರುಗಿಸಿರ್ತಾರೆ."

"ಹಾಗಾದ್ರೆ ಓದಿರ್ತಾನೆ." ಅವರು ಪದ್ಯದ ಕೆಳಗಿನ ಹೆಸರನ್ನು ಮುಟ್ಟಿದರು. "ಕೆಳಗಿದ್ದದ್ದು ಕಾವ್ಯನಾಮ. ಯಾರ ಮಗಳೋ ಪಾಪ, ಅಂದುಕೊಂಡಿರ್ತಾನೆ."

ಅಧ್ಯಾಪಕ ತನ್ನ ಟಿಪ್ಪಣಿ ಪುಸ್ತಕ ಮುಚ್ಚಿ ಜೇಬಿಗಿಟ್ಟುಕೊಂಡ. "ಇದ್ಯಾವುದನ್ನೂ ನಾನು ಬರೆಯಲ್ಲ," ಎಂದ.

"ಬರೀರಿ," ಎಂದರು ಕವಯಿತ್ರಿ. "ಎರಡೂ ಮುಖ ಅಚ್ಚು ಹಾಕಿಸಿ. ಆ ವಿಳಾಸದ ಸಮೇತ. ಅಲ್ಲಿಗೆ ನಾನೇ ಹೋಗಿ ಬರ್ತೀನಿ. ಯಾರಿಗಾದ್ರೂ ನೆನಪಿರಬಹುದು."

ಗ್ರಂಥಪಾಲಕಿ ಗಂಟಲು ಸರಿಮಾಡಿಕೊಂಡರು. ಪೊಲೀಸರ ಮಾತು ಎತ್ತುತ್ತಾರೇನೋ ಎಂದು ಗೋಂದಣ್ಣ ಹೆದರಿದ. ಅವರು ಮೂಗು ಒರೆಸಿಕೊಂಡು, "ಇನ್ನೊಂದು ಹಾಳೆ ನಮ್ಮದು. ವಾಪಸ್ ಹೊಲೀಬೇಕು," ಎಂದಷ್ಟೇ ಹೇಳಿದರು.

ಅಷ್ಟರಲ್ಲಿ ಚಿಕ್ಕಮ್ಮ ಒಳಗೆ ಹೋಗಿದ್ದರು. ಎಲ್ಲರೂ ತಿರುಗಿ ನೋಡುವ ಹೊತ್ತಿಗೆ ಚಪ್ಪಲಿ ಮೆಟ್ಟಿಕೊಂಡು, ಕೈಯಲ್ಲೊಂದು ಚೀಲ ಹಿಡಿದು ಹೊಸ್ತಿಲ ಬಳಿ ನಿಂತಿದ್ದರು.

"ನನ್ನ ಜೊತೆ ಕೆಲಸ ಮಾಡಿದವಳೊಬ್ಬಳು ಇದಾಳೆ, ಅವಳ ಮನೆಗೆ ಹೋಗಿರ್ತೀನಿ," ಎಂದರು, ಯಾರ ಮುಖವನ್ನೂ ನೋಡದೆ. "ಮಾತ್ರೆ ಮೇಲಿನ ಖಾನೆಯಲ್ಲಿದೆ. ಬೆಳಿಗ್ಗೆ ಒಂದು, ಊಟ ಆದ ಮೇಲೆ ಒಂದು."

ಕವಯಿತ್ರಿ ಎದ್ದರು. ಅರ್ಧ ನಿದ್ದೆಯ ಆ ಕಣ್ಣುಗಳು ಈಗ ಪೂರ್ತಿ ಎಚ್ಚರವಾಗಿದ್ದವು. ನಡೆದುಹೋಗಿ ಚೀಲ ಕಸಿದುಕೊಂಡರು.

"ಕ್ಷಮಿಸಿದೀನಿ ಅಂದ್ಕೋಬೇಡ. ಅದು ನನ್ನ ಕೈಲಿ ಆಗತ್ತೋ ಇಲ್ವೋ ನನಗೇ ಗೊತ್ತಿಲ್ಲ. ಆದ್ರೆ ಒಬ್ಬರಿಗಾಗಿ ಐವತ್ತಾರು ವರ್ಷ ಕಾದೆ, ಚಿಕ್ಕಮ್ಮ. ಇನ್ನೊಬ್ಬರಿಗಾಗಿ ಕಾಯೋ ವಯಸ್ಸು ನನ್ನದಲ್ಲ. ಚಪ್ಪಲಿ ಬಿಡು. ಒಳಗೆ ಬಾ."